ನವಲಗುಂದದಲ್ಲಿ ಜಪಾನಿ ಮಾತಾಡಿದ್ದು

ಸಿನಿಮಾ ನೋಡುವಾಗ ಪಕ್ಕದಲ್ಲಿ ಕುಳಿತು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇಂಥವರಲ್ಲಿ ಎರಡು ಬಗೆ. ಒಮ್ಮೆ ನೋಡಿ ಬಂದು ಹೇಳುವವರು ಒಂದು ಬಗೆ. 'ಈಗ ನೋಡ್ರಿ, ಬಾವಿಗೆ ಬೀಳ್ತಾಳ' ಎಂದು ಇವರು ಹೇಳಿ ಮುಗಿಸಿದ ಮೇಲೆ ನಾಯಕಿ ಬಾವಿಗೆ ಬೀಳುತ್ತಾಳೆ. ನಮಗೆ ಅಳು ಬರುವುದಿಲ್ಲ, ಬಾವಿ ಎಷ್ಟು ಆಳವಿದೆ ಎಂದು ನೋಡುತ್ತ ಕೂರುತ್ತೇವೆ. ನೋಡದೆಯೇ ಹೇಳುವವರು ಎರಡನೆಯ ಬಗೆ. ಇವರು ಹೆಚ್ಚು ಅಪಾಯಕಾರಿ, ಏಕೆಂದರೆ ತಾವು ಹೇಳಿದಂತೆ ಕಥೆ ನಡೆಯದಿದ್ದರೆ ಸಿನಿಮಾದವರ ಮೇಲೆಯೇ ಸಿಟ್ಟಾಗುತ್ತಾರೆ. ನಮ್ಮ ಅತ್ತೆ ಗಂಗವ್ವನವರು ಈ ಎರಡನೆಯ ಬಗೆಯವರು. ಅವರು ಆಯುಷ್ಯದಲ್ಲಿ ನೋಡಿದ್ದೇ ನಾಲ್ಕಾರು ದೇವರ ಸಿನಿಮಾ. ಅವುಗಳಲ್ಲೊಂದರಲ್ಲಿ ರಾಕ್ಷಸ ಹಿಂದಿನಿಂದ ಬರುವಾಗ ಎದ್ದು ನಿಂತು, 'ಯವ್ವಾ ತಾಯಿ, ಹಿಂದ ನೋಡು' ಎಂದು ಪಾರ್ವತಿಗೆ ಎಚ್ಚರಿಕೆ ಕೊಟ್ಟವರು. ಪಾರ್ವತಿ ಹಿಂದೆ ನೋಡಿದಳಂತೆ. ಅದು ತಮ್ಮಿಂದಲೇ ಆದದ್ದು ಎಂಬ ಬಗ್ಗೆ ಅವರಿಗೆ ಇಂದಿಗೂ ಸಂಶಯವಿಲ್ಲ.

ನನ್ನ ಸ್ವಭಾವ ಇದಕ್ಕೆ ತೀರ ಉಲ್ಟಾ. ಹೆಸರು ಶಾರದೆ, ವೃತ್ತಿ ಶಿಕ್ಷಕಿ, ದನಿ ಮಾತ್ರ ಹರಿವಾಣದಲ್ಲಿ ಸಾಸಿವೆ ಉರುಳಿದಷ್ಟು. ನವಲಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದರೆ ಹಿಂದಿನ ಸಾಲಿನ ಹುಡುಗಿಯರು ನನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುವ ವಿದ್ಯೆ ಕಲಿತಿದ್ದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ಕೊನೆಯ ಬೆಂಚಿನಲ್ಲಿ ಅರ್ಧ ತಾಸು ಕುಳಿತು, 'ಪಾಠ ಚಲೋ ಇರಬೇಕು' ಎಂದು ಅಭಿಪ್ರಾಯ ಕೊಟ್ಟು ಹೋಗಿದ್ದರು. ನಮ್ಮ ಹೆಡ್‌ಮಾಸ್ತರರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಅವರು ಗದ್ದಲದ ವೈರಿ. ವರಾಂಡದಲ್ಲಿ ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡೇ ಓಡಾಡುವವರು. ಇಡೀ ಶಾಲೆಯಲ್ಲಿ ಅತಿ ಶಾಂತವಾದ ವರ್ಗ ನನ್ನದೆಂದು ಅವರಿಗೆ ಬಲು ಅಭಿಮಾನ.

ಹೀಗಿರುವಾಗ ಎಂಬತ್ತರ ದಶಕದ ನಡುವಿನ ಒಂದು ವರ್ಷ, ಕಡಲೆ ಕಿತ್ತು ಮುಗಿದ ಹೊತ್ತಿನಲ್ಲಿ, ನನ್ನ ತಮ್ಮ ಶ್ರೀಕಾಂತ ಹುಬ್ಬಳ್ಳಿಯಿಂದ ಬಂದ. ಅವನಿಗೆ ಸಿನಿಮಾದ ಹುಚ್ಚು. ತನ್ನಂಥದೇ ಹುಚ್ಚಿನವರ ಕೂಟವೊಂದನ್ನು ಕಟ್ಟಿಕೊಂಡು ದೇಶದೇಶದ ಚಿತ್ರಗಳನ್ನು ತರಿಸಿ ನೋಡುತ್ತಿದ್ದ. ಜಪಾನಿನಿಂದ ಹೊಸದೊಂದು ಚಿತ್ರ ಬಂದಿದೆ, ಅಲ್ಲಿಯೇ ಈಗಷ್ಟೇ ಬಿಡುಗಡೆಯಾದದ್ದು, ಎಲ್ಲ ಕೈಯಿಂದ ಬರೆದ ಚಿತ್ರಗಳು, ಆದರೆ ನಡೆಯುತ್ತವೆ, ಹಾರುತ್ತವೆ, ಅಳುತ್ತವೆ ಎಂದ. ಮುಂಬೈಗೆ ವಾಪಸು ಹೋಗುವ ಮೊದಲು ರೀಲಿನ ಡಬ್ಬಿಗಳು ಒಂದು ಭಾನುವಾರ ಸುಮ್ಮನೆ ಬಿದ್ದಿರುತ್ತವೆ ಎಂದ. 'ಅಕ್ಕಾ, ನಿಮ್ಮ ಊರಾಗ ತೋರಸೂಣೇನು? ಹುಡುಗ್ಯಾರು ನೋಡ್ಲಿ' ಎಂದು ಕೇಳಿದ.

ಹುಡುಗಿಯರು ನೋಡಲಿ ಎಂಬುದು ಅವನ ಪಾಲಿಗೆ ಹಗುರವಾದ ಮಾತು. ನಮ್ಮೂರಿನ ಟಾಕೀಸಿಗೆ ಆಗ ಮಾನವಂತರ ಮನೆಯ ಹುಡುಗಿಯರು ಹೋಗುತ್ತಿರಲಿಲ್ಲ. ದೇವರ ಸಿನಿಮಾ ಬಂದರೆ ಹಿರಿಯರ ಸೆರಗು ಹಿಡಿದು ಹೋಗಿ, ಸೆರಗು ಹಿಡಿದೇ ಬರಬೇಕು. ನನ್ನ ವರ್ಗದ ಹುಡುಗಿಯರಲ್ಲಿ ಅರ್ಧದಷ್ಟು ಜನ ಟಾಕೀಸಿನ ಒಳಗೋಡೆ ಯಾವ ಬಣ್ಣದ್ದೆಂದು ಕಂಡವರಲ್ಲ. ಗೋಡೆಯ ಮೇಲಿನ ಪೋಸ್ಟರ್ ನೋಡುತ್ತ ನಿಂತದ್ದಕ್ಕೇ ಅಣ್ಣನಿಂದ ಏಟು ತಿಂದವಳೊಬ್ಬಳಿದ್ದಳು. ಅವಳ ಮುಖ ನೆನಪಾಗಿಯೋ ಏನೋ, ನಾನು ಶ್ರೀಕಾಂತನಿಗೆ 'ಹೂಂ' ಎಂದುಬಿಟ್ಟೆ. ಈ ಒಂದು 'ಹೂಂ' ಮಾತ್ರ ಯಾಕೋ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಹೆಡ್‌ಮಾಸ್ತರರು ಒಪ್ಪಲಿಲ್ಲ. 'ಗೊಂಬಿ ಸಿನಿಮಾ ನೋಡಿ ಹುಡುಗ್ಯಾರು ಏನ್ ಕಲೀತಾರ್ರಿ? ಮತ್ತ ಟಾಕೀಸಿನ್ಯಾಗ ಗದ್ದಲ ಆತಂದ್ರ ಊರ ಮಂದಿ ನನ್ನ ಕೇಳ್ತಾರ' ಎಂದರು. ನಾನು ಮೂರು ಸಲ ಹೇಳಿದ್ದರಲ್ಲಿ ಅವರಿಗೆ ಒಂದು ಸಲದ್ದು ಕೇಳಿಸಿರಬೇಕು. ಕೊನೆಗೆ ಕೆಲಸ ಮಾಡಿದ್ದು ಅತ್ತೆಯ ಹೆಸರು. ಓಣಿಯ ತಾಯಂದಿರಿಗೆ ಗಂಗವ್ವನವರೆಂದರೆ ಹಿರಿತನ. ಮಠಕ್ಕೆ ಹೋಗುವಾಗ ಹತ್ತು ಜನ ಅವರ ಹಿಂದೆ ಹೋಗುವವರು. 'ನಾನೂ ಬರ್ತೀನಿ. ಹುಡುಗ್ಯಾರನ್ನ ನನ್ನ ಬಾಜೂ ಕುಂದರಸ್ಕೋತೀನಿ' ಎಂದು ಅವರು ಕಟ್ಟೆಯ ಮೇಲೆ ಕುಳಿತು ಘೋಷಿಸಿದ ಮೇಲೆ ಮನೆಮನೆಯೂ ಒಪ್ಪಿತು. ಹೆಡ್‌ಮಾಸ್ತರರು ನನಗೆ ಒಂದು ಮಾತು ಮಾತ್ರ ಹೇಳಿಟ್ಟರು (ನಮ್ಮ ಕಡೆ ಶಿಕ್ಷಕಿಯೆಂದರೆ ಎಲ್ಲರಿಗೂ ಅಕ್ಕಾರು). 'ಆಗ್ಲಿ ಅಕ್ಕಾರ. ಆದ್ರ ಇದು ಕೆಟ್ಟಿತಂದ್ರ, ನಾ ಇರೂತನಾ ಹುಡುಗ್ಯಾರ ಬಾಯಾಗ ಟಾಕೀಸಿನ ಹೆಸರು ಬರಬಾರದು.' ಅವರು ನಿವೃತ್ತರಾಗಲು ಇನ್ನೂ ಬಹಳ ವರ್ಷಗಳಿದ್ದವು.

ಭಾನುವಾರ ಮುಂಜಾನೆ ಬಸ್ಸಿನ ಮೇಲೆ, ಮೆಣಸಿನಕಾಯಿ ಚೀಲಗಳ ನಡುವೆ, ಎರಡು ತಗಡಿನ ಪೆಟ್ಟಿಗೆಗಳಲ್ಲಿ ಜಪಾನ್ ಬಂದಿಳಿಯಿತು. ಶ್ರೀಕಾಂತ ಬರಲಿಲ್ಲ. ಅವನಿಗೆ ಜ್ವರವೆಂದು ಕಂಡಕ್ಟರ್ ಹೇಳಿದ. ಕಥೆಯನ್ನು ಅವನು ಹಿಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ಗಡಿಬಿಡಿಯಲ್ಲಿ ಹೇಳಿದ್ದ. ಒಂದು ಊರಿನ ಹೊಳೆ ಮೂಕಾಗುತ್ತದೆ, ಹರಿಯುತ್ತದೆ ಆದರೆ ಸದ್ದಿಲ್ಲ. ಒಬ್ಬ ಹುಡುಗಿ ಆ ಸದ್ದನ್ನು ಹುಡುಕಿಕೊಂಡು ಕಲ್ಲಿನ ಮೀನೊಂದರ ಬೆನ್ನೇರಿ ಹೋಗುತ್ತಾಳೆ. 'ಉಳಿದಿದ್ದು ಕೆಳಗ ಇಂಗ್ಲಿಷಿನ್ಯಾಗ ಬರ್ತೈತಿ, ನೀ ಓದಿ ಬಾಜೂದವ್ರಿಗೆ ಹೇಳು' ಎಂದಿದ್ದ. ಇಂಗ್ಲಿಷಿನ ಅಭಯ ಸಿಕ್ಕಿದ ಮೇಲೆ ನಾನು ಹೆಚ್ಚು ಕೇಳಿರಲಿಲ್ಲ.

ಟಾಕೀಸಿನ ಮಾಲೀಕ ಬಸಣ್ಣ ಒಳ್ಳೆಯ ಮನುಷ್ಯ. ಟಿಕೆಟ್ ಹರಿಯುವವನೂ ಅವನೇ, ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಸಿನಿಮಾದ ಹೆಸರು ಸಾರುವವನೂ ಅವನೇ. ಅವನ ತಗಡಿನ ಟಾಕೀಸು ಅಂದು ತುಂಬಿ ಹೋಗಿತ್ತು. ಹುಡುಗಿಯರು ಮನೆಯಿಂದ ತಂದ ಜಮಖಾನೆಗಳನ್ನು ನೆಲಕ್ಕೆ ಹಾಸಿ, ಎಣ್ಣೆ ಹಚ್ಚಿದ ಜಡೆಗಳನ್ನು ಮುಂದಕ್ಕೆಳೆದುಕೊಂಡು, ಪರೀಕ್ಷೆಗೆ ಬಂದವರ ಹಾಗೆ ಕುಳಿತಿದ್ದರು. ನಡುವೆ ಅತ್ತೆ. ಹಿಂದಿನ ಬೆಂಚುಗಳಲ್ಲಿ ತಾಯಂದಿರು. ಜಮಖಾನೆ ನೇಯುವ ಓಣಿಯಿಂದಲೂ ಒಂದಷ್ಟು ಹೆಂಗಸರು ಬಂದಿದ್ದರು. ಬಾಗಿಲ ಬಳಿ, ಬೇಕಾದಾಗ ಎದ್ದು ಎಲ್ಲವನ್ನೂ ನಿಲ್ಲಿಸಲು ಅನುಕೂಲವಾಗುವಂಥ ಕುರ್ಚಿಯಲ್ಲಿ, ಹೆಡ್‌ಮಾಸ್ತರರು.

ದೀಪ ಆರಿತು. ಪರದೆಯ ಮೇಲೆ ಒಂದು ಬೆಟ್ಟ ಮೂಡಿತು. ಬಣ್ಣವೆಂದರೆ ಅಂಥ ಬಣ್ಣವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಗತಾನೇ ತೊಳೆದಿಟ್ಟ ಹಾಗಿತ್ತು. ನೀಲಿ ಅಂಗಿಯ ಪುಟ್ಟ ಹುಡುಗಿ ಹೊಳೆಗೆ ಕಿವಿಗೊಟ್ಟು ಕುಳಿತಿದ್ದಳು. ಮುದುಕನೊಬ್ಬ ಬಂದು ಅವಳೊಡನೆ ಮಾತಾಡತೊಡಗಿದ. ನಾನು ಇಂಗ್ಲಿಷಿಗಾಗಿ ಕೆಳಗೆ ನೋಡಿದೆ. ಇಂಗ್ಲಿಷ್ ಇರಲಿಲ್ಲ. ಅಂದರೆ ಇತ್ತು, ಪರದೆ ಇರಲಿಲ್ಲ. ಬಸಣ್ಣನ ಪರದೆಯ ಕೆಳಗಿನ ಮೊಳದಷ್ಟು ಭಾಗವನ್ನು ಹಿಂದಿನ ವರ್ಷ ಗೆದ್ದಲು ತಿಂದಿದ್ದವು. ಅಷ್ಟನ್ನು ಕತ್ತರಿಸಿ ಕಪ್ಪು ಬಟ್ಟೆ ಹೊಲಿಸಿದ್ದ. ನಮ್ಮ ಸಿನಿಮಾಗಳಲ್ಲಿ ಆ ಜಾಗದಲ್ಲಿ ಬರುವುದು ಕಾಲುಗಳು ಮಾತ್ರ, ನಾಯಕನಿಗೆ ಕಾಲಿಲ್ಲವೆಂದು ಯಾರೂ ದೂರಿರಲಿಲ್ಲ. ಜಪಾನಿನವರು ತಮ್ಮ ಅರ್ಥವನ್ನೆಲ್ಲ ತಂದು ಸರಿಯಾಗಿ ಅಲ್ಲೇ ಇಟ್ಟಿದ್ದರು.

ಬಸಣ್ಣನಿಗೆ ಹೇಳಿ ಕಳಿಸಿದೆ. ಅವನು ಚಿತ್ರವನ್ನು ಮೇಲಕ್ಕೆತ್ತಿಸಿದ. ಇಂಗ್ಲಿಷ್ ಬಂತು, ಹುಡುಗಿಯ ತಲೆ ಹೋಯಿತು. ಕುತ್ತಿಗೆಯ ಮೇಲೆ ಏನೂ ಇಲ್ಲದ ಹುಡುಗಿ ಹೊಳೆದಂಡೆಯಲ್ಲಿ ನಡೆಯುವುದನ್ನು ಕಂಡು ಚಿಕ್ಕವರು ಕಿರುಚಿದರು. ಮತ್ತೆ ಇಳಿಸಿದ. ತಲೆ ಬಂತು, ಮಾತು ಹೋಯಿತು. ಬಸಣ್ಣ ತನ್ನದೇ ಧೋತರದ ಜೋಡಿಯೊಂದನ್ನು ತಂದು ಕಪ್ಪು ಬಟ್ಟೆಯ ಮೇಲೆ ಕಟ್ಟಿದ. ಗಾಳಿಗೆ ಧೋತರ ಅಲುಗಿ, ಅಕ್ಷರಗಳು ಒಂದರ ಮೇಲೊಂದು ಬಿದ್ದು ಏಳುತ್ತಿದ್ದವು. 'ಹೊಳೆ', 'ಬೇಡ', 'ನಿನ್ನ ತಾಯಿ' ಎಂಬ ಅರ್ಥದ ಮೂರು ಶಬ್ದಗಳು ನನಗೆ ದಕ್ಕಿದವು. ಅಷ್ಟರಲ್ಲಿ ಮೊದಲ ರೀಲು ಮುಗಿದು ದೀಪ ಹತ್ತಿತು.

ಗುಜುಗುಜು ಎದ್ದಿತು. 'ಏನಂತಾರಬೇ ಅವ್ರು? ಒಂದೂ ತಿಳೀವಲ್ದು' ಎಂದು ಹಿಂದಿನ ಬೆಂಚಿನಿಂದ ಒಬ್ಬಳು. 'ತಗಡ ಮ್ಯಾಲ ಕಡ್ಲಿ ಸುರುವಿದಂಗ ಮಾತಾಡ್ತಾರವ್ವಾ' ಎಂದು ಇನ್ನೊಬ್ಬಳು. ಹೆಡ್‌ಮಾಸ್ತರರು ಎದ್ದು ನಿಂತು ಬೆರಳನ್ನು ತುಟಿಯ ಮೇಲಿಟ್ಟರು. ಈ ಕಡೆ ಅತ್ತೆ, ತಮಗೆ ಒಪ್ಪಿಸಿದ ಹುಡುಗಿಯರನ್ನು ಹಿಡಿದಿಡಬೇಕಲ್ಲ, ಕಥೆ ಶುರು ಮಾಡಿಬಿಟ್ಟಿದ್ದರು. 'ಆ ಮುದುಕ ಅದಾನಲ್ಲ, ಅಂವ ಆಕಿ ಸ್ವಾದರಮಾವ. ಆಕೀನ್ನ ತನ್ನ ಮಗಗ ತಗೋತೀನಿ ಅನ್ಲಿಕ್ಕತ್ತಾನ. ಆಕಿ ಒಲ್ಲೆ ಅಂತಾಳ. ಸಿಟ್ಟಾಗಿ ಹೊಳೀ ದಂಡಿಗೆ ಬಂದ ಕುಂತಾಳ.' ಹುಡುಗಿಯರು ಅನುಕಂಪದಿಂದ ತಲೆದೂಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಅಂಥ ಹೊಳೆ, ಅಂಥ ಬೆಟ್ಟ, ಎಲ್ಲವನ್ನೂ ಬಿಡಿಸಿ ಬಣ್ಣ ತುಂಬಿದ್ದು ಸೋದರಮಾವನ ಮಗನಿಗೆ ಹೆಣ್ಣು ತರುವುದಕ್ಕೇ? 'ಹಂಗಲ್ರಿ ಅತ್ತಿ. ಹೊಳೀ ಸದ್ದು ಕಳದೈತಿ, ಅದನ್ನ ಹುಡುಕಾಕ ಹೊಂಟಾಳ' ಎಂದೆ. ಎಂದಿನಂತೆ ಯಾರಿಗೂ ಕೇಳಿಸಲಿಲ್ಲ. ಹೆಡ್‌ಮಾಸ್ತರರು ಹುಡುಗಿಯರಿಗೆ ಸಾಲಾಗಿ ಏಳಲು ಕೈಸನ್ನೆ ಮಾಡಿದರು. ಮುಂದಿನ ಸಾಲು ಜಮಖಾನೆ ಮಡಚತೊಡಗಿತು. ಅಣ್ಣನಿಂದ ಏಟು ತಿಂದ ಹುಡುಗಿ ಮಾತ್ರ ಮಡಚಲಿಲ್ಲ. ಬರಿಯ ಪರದೆಯನ್ನೇ ನೋಡುತ್ತ ಕುಳಿತಿದ್ದಳು. ನಾನು ಎದ್ದು ಬಸಣ್ಣನ ಕಡೆಗೆ ನಡೆದೆ. 'ಬಸಣ್ಣಾರ, ನಿಮ್ಮ ಮೈಕ್ ಕೊಡ್ರಿ' ಎಂದೆ. 'ಆಂ?' ಎಂದ. ಎರಡನೆಯ ಸಲ ಕಿವಿಯ ಹತ್ತಿರ ಹೋಗಿ ಹೇಳಿದೆ.

ಪರದೆಯ ಮಗ್ಗುಲಲ್ಲಿ ಸ್ಟೂಲು ಇಟ್ಟು, ಮೈಕು ತಂದು ನನ್ನ ಬಾಯಿಗೆ ಹಿಡಿದ. 'ಎಲ್ಲಾರೂ ಕೂಡ್ರಿ' ಎಂದೆ. ನನ್ನ ದನಿ ಟಾಕೀಸಿನ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂದು ನನಗೇ ಹೇಳಿತು. ಬೆದರಿ ನಾನೂ ಸ್ಟೂಲಿನ ಮೇಲೆ ಕೂತೆ. ಎಲ್ಲರೂ ಕೂತರು. ಬಾಗಿಲ ಬಳಿ ಹೆಡ್‌ಮಾಸ್ತರರು ಕೂಡ, ಏನಾಯಿತೆಂದು ತಿಳಿಯದೆ, ಕೂತುಬಿಟ್ಟರು.

ಎರಡನೆಯ ರೀಲು ಶುರುವಾಯಿತು. ನಾನು ಪಾಠ ಮಾಡುವ ರೀತಿಯಲ್ಲೇ ಹೇಳತೊಡಗಿದೆ. 'ಈಗ ಬಾಲಿಕೆಯು ಪರ್ವತದ ಗುಹೆಯನ್ನು ಪ್ರವೇಶಿಸುತ್ತಿದ್ದಾಳೆ. ಅಲ್ಲಿ ಶಿಲಾಮತ್ಸ್ಯವು ಆಕೆಯನ್ನು ಸ್ವಾಗತಿಸುತ್ತದೆ.' ಕತ್ತಲೊಳಗಿಂದ ಒಂದು ಹೆಣ್ಣುದನಿ ಬಂತು. 'ಅಕ್ಕಾರ, ಮನ್ಯಾಗ ಮಾತಾಡಿದಂಗ ಮಾತಾಡ್ರಿ.' ಟಾಕೀಸೆಲ್ಲ ನಕ್ಕಿತು. ಆ ನಗೆಯಲ್ಲಿ ನನ್ನೊಳಗೆ ಎಲ್ಲೋ ಬಿಗಿದಿದ್ದ ಗಂಟೊಂದು ಸಡಿಲಿತು. ಮೀನು ಬಾಯಿ ತೆರೆಯಿತು. ನಾನೂ ತೆರೆದೆ. 'ಏನಬೇ ತಂಗಿ, ಇಷ್ಟ್ ದೂರ ಒಬ್ಬಾಕೇ ಬಂದೀಯಲ್ಲ, ಉಂಡೀಯೋ ಇಲ್ಲೋ?' ಎಂದಿತು ಮೀನು. 'ಇಲ್ಲೋ ಯಪ್ಪಾ' ಎಂದಳು ಹುಡುಗಿ. 'ಹಂಗಾರ ಹತ್ತು ಬೆನ್ನ ಮ್ಯಾಲ, ಮೊದಲ ಉಣ್ಣೂಣು, ಆಮ್ಯಾಲ ಸದ್ದು ಹುಡುಕೂಣು.' ಮುಂದಿನ ದೃಶ್ಯದಲ್ಲಿ ಮೀನು ನಿಜಕ್ಕೂ ಅವಳನ್ನು ಒಂದು ಹಣ್ಣಿನ ಮರದ ಬಳಿ ಇಳಿಸಿತು. ನನಗೇ ರೋಮಾಂಚನವಾಯಿತು.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ಹುಡುಗಿಯ ನಿಜವಾದ ಹೆಸರು ನನಗೆ ದಕ್ಕಲಿಲ್ಲ. ನೀಲಿ ಅಂಗಿ ನೋಡಿ ಯಾರೋ 'ನೀಲವ್ವ' ಎಂದರು, ನೀಲವ್ವನೇ ಆದಳು. ಮೋಡವನ್ನು ಎಳೆ ತೆಗೆದು ನೇಯುವ ಒಕ್ಕಣ್ಣಿನ ಮುದುಕಿಯೊಬ್ಬಳು ಬಂದಾಗ ನೇಯುವ ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದರು. 'ನಮ್ಮಾಕಿ ಬಂದ್ಲು ನೋಡ್ರಿ' ಎಂದಳೊಬ್ಬಳು. ಆ ಮುದುಕಿಗೆ ನಾನು ಅವರ ಮಾತಿನ ಧಾಟಿಯನ್ನೇ ಕೊಟ್ಟೆ. ಆಮೇಲೆ ಬಂದ ಮುಖವಾಡದ ಎತ್ತರದ ಮನುಷ್ಯ. ಅವನೇ ಸದ್ದುಗಳ್ಳ. ಹೊಳೆಯ ಸದ್ದು, ಹಕ್ಕಿಯ ಸದ್ದು, ಮಕ್ಕಳ ನಗೆ ಎಲ್ಲವನ್ನೂ ಹಿಡಿದು ಗಡಿಗೆಗಳಲ್ಲಿ ತುಂಬಿ ಬಾಯಿ ಕಟ್ಟಿಡುವವನು. ಅವನು ನಿಧಾನವಾಗಿ ಕೈ ಎತ್ತಿ, ತೋರುಬೆರಳನ್ನು ತುಟಿಯ ಮೇಲಿಟ್ಟ. ನಾನು ಏನನ್ನೂ ಯೋಚಿಸಿರಲಿಲ್ಲ, ಬಾಯಿಗೆ ತಾನಾಗಿಯೇ ಬಂತು. 'ಗದ್ದಲ ಮಾಡಬ್ಯಾಡ್ರಿ. ಊರ ಮಂದಿ ನನ್ನ ಕೇಳ್ತಾರ.' ಅಷ್ಟೂ ಹುಡುಗಿಯರ ಜಡೆಗಳು ಒಮ್ಮೆಲೇ ಬಾಗಿಲ ಕಡೆಗೆ ತಿರುಗಿದವು. ನಾನು ಆ ಕಡೆ ನೋಡಲಿಲ್ಲ. ನೋಡಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಕೊನೆಯ ರೀಲಿನಲ್ಲಿ ಒಂದು ಕಡೆ ನನ್ನ ಮಾತು ನಿಂತಿತು. ಗಡಿಗೆಗಳಿದ್ದ ಗವಿಯನ್ನು ಒಡೆಯಲು ಕಲ್ಲಿನ ಮೀನು ತನ್ನ ತಲೆಯನ್ನೇ ಬಂಡೆಗೆ ಅಪ್ಪಳಿಸಿತು. ಬಂಡೆ ಸೀಳಿತು, ಮೀನೂ ಸೀಳಿತು. ನೀಲವ್ವ ಆ ಚೂರುಗಳನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಅವಳು ಬಾಯಿ ತೆರೆದು ಅಳುತ್ತಿದ್ದಳು, ಸದ್ದು ಮಾತ್ರ ಇರಲಿಲ್ಲ. ಜಪಾನಿನವರೂ ಅಲ್ಲಿ ಏನನ್ನೂ ಇಟ್ಟಿರಲಿಲ್ಲ, ವಾದ್ಯವಿಲ್ಲ, ಮಾತಿಲ್ಲ. ನಾನು ಮೈಕಿನ ಮುಂದೆ ಕೂತಿದ್ದೆ. ಕೊಡಲು ನನ್ನ ಬಳಿಯೂ ಏನೂ ಇರಲಿಲ್ಲ. ಬರಿಯ ಯಂತ್ರ ತಿರುಗುವ ಸದ್ದು. ಆಗ ಕತ್ತಲೊಳಗಿಂದ, ಮೈಕಿಲ್ಲದೆ, ಅತ್ತೆಯ ದನಿ ಬಂತು. 'ಅಳಬ್ಯಾಡ ನನ್ನವ್ವ. ಅದು ನಿನ್ನ ಬಿಟ್ಟು ಎಲ್ಲಿ ಹೋಗ್ತೈತಿ, ಬರ್ತೈತಿ ತಡಿ.'

ಅವರು ಕಥೆ ಹೇಳುತ್ತಿರಲಿಲ್ಲ. ಅಲ್ಲಿ ಕೂತು ಅಳುತ್ತಿದ್ದ ಮಗುವಿಗೆ ಹೇಳುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ನೀರೊಲೆಯ ಮುಂದೆ ಕೂತು ತವರು ನೆನೆದು ಅಳುತ್ತಿದ್ದಾಗ ಇದೇ ದನಿಯಲ್ಲಿ ನನಗೂ ಏನೋ ಹೇಳಿದ್ದರು. ನನ್ನ ಕಣ್ಣು ಮಂಜಾಯಿತು. ಪರದೆಯ ಮೇಲೆ ಗಡಿಗೆಗಳು ಒಂದೊಂದಾಗಿ ಒಡೆದವು. ಮೊದಲು ಒಂದು ಹಕ್ಕಿ ಕೂಗಿತು, ಆಮೇಲೆ ಮಕ್ಕಳು ನಕ್ಕರು, ಆಮೇಲೆ ಹೊಳೆ. ಬಸಣ್ಣನ ಹಳೆಯ ಸ್ಪೀಕರಿನಲ್ಲೂ ಆ ಹೊಳೆ ಹೇಗೆ ಬಂತೆಂದರೆ ಮುಂದೆ ಕುಳಿತ ಹುಡುಗಿಯರು ಕಾಲು ಮಡಚಿಕೊಂಡರು. ನೀರೊಳಗಿನ ಕಲ್ಲುಗಳು ಅಲುಗಿ, ಒಂದಕ್ಕೊಂದು ಕೂಡಿ, ಮೀನು ತಲೆ ಎತ್ತಿತು. ಟಾಕೀಸಿನ ತಗಡು ಹಾರಿಹೋಗುವಂಥ ಗದ್ದಲವೆದ್ದಿತು. ಏಟು ತಿಂದ ಹುಡುಗಿ ಜಮಖಾನೆಯ ಮೇಲೆ ನಿಂತು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಳು. ನಾನು ಮೈಕಿನಲ್ಲಿ ಏನು ಹೇಳಿದೆನೋ ನನಗೆ ನೆನಪಿಲ್ಲ. 'ಬಂತ್ರಿ, ಬಂತ್ರಿ' ಎಂದು ಕೂಗಿದೆನಂತೆ.

ದೀಪ ಹತ್ತಿದಾಗ ಹೆಡ್‌ಮಾಸ್ತರರು ನೆಟ್ಟಗೆ ನನ್ನ ಕಡೆ ಬಂದರು. ಸ್ಟೂಲಿನಿಂದ ಇಳಿದು ನಿಂತೆ. ಕೆಲಸ ಹೋಯಿತೆಂದೇ ತಿಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. 'ಅಕ್ಕಾರ, ಮಧ್ಯಾಹ್ನ ಇನ್ನೊಂದು ಆಟ ಇಡ್ಲಿಕ್ಕೆ ಬಸಣ್ಣಗ ಹೇಳ್ರೆಲಾ. ನಮ್ಮ ಮನಿಯವ್ರು ನೋಡಿಲ್ಲ' ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, 'ಆ ಗಡಿಗಿ ಇಟ್ಟಾಂವಗ ಒಂದಿಷ್ಟು ಚಲೋ ಮಾತೂ ಕೊಡ್ರಿ. ಅಂವಗೂ ಏನೋ ಒಂದು ಕಾರಣ ಇದ್ದೀತು' ಎಂದು ಸೇರಿಸಿದರು.

ಮಧ್ಯಾಹ್ನದ ಆಟಕ್ಕೆ ಹೆಂಗಸರು ಬೆಂಚು ತುಂಬಿ, ನೆಲ ತುಂಬಿ, ಗೋಡೆಗೊರಗಿ ನಿಂತರು. ಮುಂಜಾನೆ ನೋಡಿದವರೆಲ್ಲ ಮತ್ತೆ ಬಂದಿದ್ದರಿಂದ ಹೊಸ ತೊಂದರೆಯೊಂದು ಶುರುವಾಯಿತು. ನಾನು ಮೀನಿನ ಬಾಯಲ್ಲಿ ಸ್ವಲ್ಪ ಬೇರೆ ಮಾತು ಹಾಕಿದೊಡನೆ, 'ಮುಂಜಾನಿ ಹಂಗ ಅಂದಿದ್ದಿಲ್ರಿ ಅದು' ಎಂದು ಆಕ್ಷೇಪ. ಸದ್ದುಗಳ್ಳನಿಗೆ ಹೆಡ್‌ಮಾಸ್ತರರ ಅಪ್ಪಣೆಯಂತೆ, ಸಣ್ಣವನಿದ್ದಾಗ ಅವನಿಗೆ ಕಿವಿನೋವು ಇತ್ತೆಂದು ಒಂದು ಕಾರಣ ಕೊಟ್ಟೆ. ಹೆಡ್‌ಮಾಸ್ತರರ ಹೆಂಡತಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು. ಆ ತಿಂಗಳಿಂದ ಒಳ್ಳೆಯ ಚಿತ್ರ ಬಂದಾಗಲೆಲ್ಲ ನಮ್ಮ ಹುಡುಗಿಯರು ಸಾಲಾಗಿ ಟಾಕೀಸಿಗೆ ಹೋದರು, ಗದ್ದಲ ಮಾಡುತ್ತ ಬಂದರು. ನನ್ನ ವರ್ಗದ ಕೊನೆಯ ಬೆಂಚಿನವರು ತುಟಿ ನೋಡುವುದನ್ನು ಬಿಟ್ಟು ನೆಮ್ಮದಿಯಿಂದ ನಿದ್ದೆ ಮಾಡತೊಡಗಿದರು. ಮೈಕಿಲ್ಲದೆಯೂ ಈಗ ಪಾಠ ಕಿವಿಗೆ ತಾನಾಗಿಯೇ ಬರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಭಾನುವಾರದ ಆಟವಾಗಿ ಎರಡು ದಿನ ಬಿಟ್ಟು ಹತ್ತಿರದ ಹಳ್ಳಿಯ ಹಿರಿಯ ರೈತರೊಬ್ಬರು ಮನೆಗೆ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಟೇಪ್‌ರೆಕಾರ್ಡರ್, ಕೈಯಲ್ಲೊಂದು ಪುಟ್ಟ ಪುಸ್ತಕ. ಅಳಿಯ ಮುಂಬೈಯಿಂದ ಕಳಿಸಿದ್ದಂತೆ, ಅಸಲು ಜಪಾನಿನ ಮಾಲು. 'ಅಕ್ಕಾರ, ನಿಮಗ ಜಪಾನಿ ಬರ್ತೈತಂತ ಊರೆಲ್ಲಾ ಸುದ್ದಿ ಐತಿ. ಇದರಾಗ ಏನ್ ಬರದಾರ ಒಂಚೂರು ನೋಡಿ ಹೇಳ್ರಿ' ಎಂದರು.

'ಇಲ್ರೀ ಯಜಮಾನರ, ನನಗ…' ಎನ್ನುವಷ್ಟರಲ್ಲಿ ಅತ್ತೆ ಒಳಗಿನಿಂದ ಚಹಾ ಹಿಡಿದು ಬಂದರು. 'ಬರ್ತೈತಿ ಬರ್ತೈತಿ, ಕೊಡ್ರಿ ಆಕಿ ಕೈಯಾಗ' ಎಂದರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿ ನನಗೆ ಇಲ್ಲವೆನ್ನುವ ಧೈರ್ಯವಾಗಲಿಲ್ಲ. ಪುಸ್ತಕ ತೆರೆದೆ. ಸಾಲುಗಳು ಮೇಲಿನಿಂದ ಕೆಳಗಿಳಿದಿದ್ದವು. ಒಂದು ಪುಟದಲ್ಲಿ ನೀರಿನ ಹನಿಯ ಚಿತ್ರ, ಅದರ ಮೇಲೆ ಅಡ್ಡಗೆರೆ. ಇನ್ನೊಂದರಲ್ಲಿ ಸೂರ್ಯ, ಅದಕ್ಕೂ ಅಡ್ಡಗೆರೆ. ಗಂಟಲು ಸರಿಮಾಡಿಕೊಂಡು, 'ನೀರು ತಾಕಸಬ್ಯಾಡ್ರಿ. ಬಿಸಲಾಗ ಇಡಬ್ಯಾಡ್ರಿ. ಸಣ್ಣ ಹುಡುಗರ ಕೈಯಾಗ ಕೊಡಬ್ಯಾಡ್ರಿ' ಎಂದು ಓದಿದೆ.

ಅವರು ಪುಸ್ತಕದೊಳಗೆ ಇಣುಕಿದರು. 'ಇಷ್ಟ ಮಾತಿಗೆ ಇಷ್ಟ್ ಉದ್ದ ಬರದಾರೇನ್ರಿ?'

'ಭಾಳ ಮರ್ಯಾದಿ ಮಂದಿರೀ ಅವ್ರು. ಪ್ರತಿ ಮಾತಿನ ಹಿಂದ ಮುಂದ ನಮಸ್ಕಾರ ಹೇಳ್ಯಾರ' ಎಂದೆ.

ಯಜಮಾನರು ತೃಪ್ತಿಯಿಂದ ಚಹಾ ಕುಡಿದು, ಪುಸ್ತಕಕ್ಕೊಂದು, ನನಗೊಂದು ನಮಸ್ಕಾರ ಮಾಡಿ ಹೋದರು. ಆ ಯಂತ್ರ ಇಂದಿನವರೆಗೆ ಒಂದು ದಿನವೂ ಕೆಟ್ಟಿಲ್ಲವಂತೆ. ಅದರಿಂದಾಗಿ ನವಲಗುಂದ ತಾಲೂಕಿನಲ್ಲಿ ಜಪಾನಿ ಭಾಷೆಯ ವಿಷಯಕ್ಕೆ ನನ್ನ ಮಾತೇ ಕೊನೆಯದು. ನಮ್ಮೂರಿಗೆ ಜಪಾನಿನವರು ಯಾರೂ ವರ್ಗವಾಗಿ ಬಾರದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ.